ಹೊಳೆ ಸೇರುವ ಮಾತ್ರೆ, ಮರಿಯಾಗದ ಮೀನು

ಬೇಸಿಗೆಯಲ್ಲಿ ತುಂಗಭದ್ರೆಯಲ್ಲೋ ಊರ ಕೆರೆಯಲ್ಲೋ ಮೀನು ಸತ್ತು ತೇಲಿದರೆ ದಾವಣಗೆರೆ ಕಡೆ ಮಾತು ಮೂರು ದಾರಿ ಹಿಡಿಯುತ್ತದೆ. ಕಾರ್ಖಾನೆ ನೀರು ಅನ್ನುವವರಿದ್ದಾರೆ, ಚರಂಡಿ ನೀರು ಅನ್ನುವವರಿದ್ದಾರೆ, ಈಚೆಗೆ ನಾವು ನುಂಗಿ ಮೂತ್ರದಲ್ಲಿ ಹೊಳೆಗೆ ಬಿಡುವ ಔಷಧಿ ಅನ್ನುವವರೂ ಸೇರಿಕೊಂಡಿದ್ದಾರೆ. ರಾತ್ರೋರಾತ್ರಿ ರಾಶಿಗಟ್ಟಲೆ ಮೀನು ಸತ್ತರೆ ಸಾಮಾನ್ಯವಾಗಿ ನೀರಲ್ಲಿ ಆಮ್ಲಜನಕ ಮುಗಿದಿರುತ್ತದೆ, ಇಲ್ಲವೇ ಜೋರು ವಿಷ ಬಿದ್ದಿರುತ್ತದೆ. ಔಷಧಿ ಹಾಗೆ ಕೊಲ್ಲುವುದು ಕಮ್ಮಿ. ಮೀನು ಬದುಕಿರುತ್ತದೆ, ಈಜುತ್ತದೆ, ಮರಿ ಮಾತ್ರ ಆಗುವುದಿಲ್ಲ. ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ. ಸತ್ತ ಮೀನು ಪೇಪರಿನಲ್ಲಿ ಬರುತ್ತದೆ, ಹುಟ್ಟದ ಮರಿ ಬರುವುದಿಲ್ಲ.

ಹರಿಹರದವರಿಗೆ ಹೊಳೆ ಕೆಡುವುದು ಹೊಸದಲ್ಲ. 1980ರ ದಶಕದಲ್ಲೇ ಇಲ್ಲಿ ಮೀನು ಸತ್ತವು, ದಂಡೆಯ ಹಳ್ಳಿಗಳವರು ಹೋರಾಡಿದರು. ಆಗಿನ ಜಗಳ ನೀರಿನ ಬಣ್ಣದ್ದು, ವಾಸನೆಯದ್ದು. ಔಷಧಿಗೆ ಎರಡೂ ಇಲ್ಲ.

ಮೀನಿನ ಮೈ ಹಾರ್ಮೋನಿಗೆ ಹೇಗೆ ಸ್ಪಂದಿಸುತ್ತದೆ ಅಂತ ನಮ್ಮ ದೇಶದವರು ಚೆನ್ನಾಗಿ ಬಲ್ಲರು. ಕಾಟ್ಲಾ, ರೋಹು ಕೆರೆಯಲ್ಲಿ ಬೆಳೆಯುತ್ತವೆ, ಆದರೆ ಮೊಟ್ಟೆ ಇಡಲು ಅವಕ್ಕೆ ಮಳೆಗಾಲದ ಹರಿಯುವ ನೀರು ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಮಿದುಳಿನ ಬುಡದಲ್ಲಿರುವ, ಹಾರ್ಮೋನು ಸುರಿಸುವ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಇವತ್ತು ಭದ್ರಾ ಅಣೆಕಟ್ಟೆಯ ಬಿಆರ್‌ಪಿಯಂಥ ಮೀನುಮರಿ ಕೇಂದ್ರಗಳು ನಡೆಯುವುದು ಇದೇ ವಿದ್ಯೆಯಿಂದ. ಚೂರು ಹಾರ್ಮೋನು ಮೊಟ್ಟೆ ಇಡಿಸುತ್ತದೆ ಅಂದರೆ, ಹೊತ್ತಲ್ಲದ ಹೊತ್ತಿನಲ್ಲಿ ಮೈಗೆ ಸೇರಿದ ಹಾರ್ಮೋನು ಕೆಡಿಸಲೂ ಬಹುದು, ಅಲ್ವಾ?

ಅದು ಕಂಡದ್ದು ಇಂಗ್ಲೆಂಡಿನಲ್ಲಿ. ಲೀ ನದಿಯ ಕಡೆ, ಚರಂಡಿ ನೀರು ಶುದ್ಧ ಮಾಡುವ ಹೊಂಡಗಳಲ್ಲಿ ಗಾಳ ಹಾಕುತ್ತಿದ್ದವರಿಗೆ ಗಂಡೋ ಹೆಣ್ಣೋ ಹೇಳಲಾಗದ ಮೀನು ಸಿಕ್ಕವು. ವಿಜ್ಞಾನಿಗಳು ಟ್ರೌಟ್ ಮೀನುಗಳನ್ನು ಪಂಜರದಲ್ಲಿಟ್ಟು, ಶುದ್ಧ ಮಾಡಿದ ನೀರು ಹೊರಬರುವ ಕಡೆಗಳಲ್ಲಿ ಇಳಿಬಿಟ್ಟರು. ಕೆಲವೇ ವಾರಗಳಲ್ಲಿ ಗಂಡಿನ ರಕ್ತದಲ್ಲೂ ವಿಟೆಲೋಜೆನಿನ್ ತುಂಬಿತು. ಅದು ಮೊಟ್ಟೆಯ ಹಳದಿ ಕಟ್ಟುವ ಪ್ರೋಟೀನು, ಗಂಡಿಗೆ ಅದರ ಕೆಲಸವೇ ಇಲ್ಲ. ಈ ವಿಷಯ 1994ರಲ್ಲಿ ಪ್ರಕಟವಾಯಿತು. 1998ರ ಹೊತ್ತಿಗೆ ಹಲವು ನದಿಗಳ ಗಂಡು ರೋಚ್ ಮೀನುಗಳ ವೃಷಣದಲ್ಲೇ ಮೊಟ್ಟೆ ಕಂಡಿದ್ದವು. ಮೂತ್ರದಲ್ಲಿ ಸಹಜವಾಗಿ ಹೋಗುವ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು, ಗರ್ಭನಿರೋಧಕ ಮಾತ್ರೆಯ ಹಾರ್ಮೋನು, ಕೆಲವು ಕಡೆ ಕಾರ್ಖಾನೆಯ ರಾಸಾಯನಿಕ, ಎಲ್ಲ ಸೇರಿ ಆದದ್ದು ಇದು. ಮಾತ್ರೆ ನುಂಗಿದ ಹೆಂಗಸರನ್ನು ದೂರುವುದರಲ್ಲಿ ಅರ್ಥವಿಲ್ಲ.

ಮೀನಿನ ಲಿಂಗ ಕೆಟ್ಟರೆ ಸಂತತಿಯೇ ಕುಸಿಯುತ್ತದಾ? ಇದಕ್ಕೆ ಉತ್ತರ ಕೊಟ್ಟದ್ದು ಕೆನಡಾ. ಅಲ್ಲಿ ಸಂಶೋಧನೆಗೆಂದೇ ಮೀಸಲಿಟ್ಟ ಒಂದು ಸರೋವರಕ್ಕೆ 2001ರಿಂದ 2003ರವರೆಗೆ ಮೂರು ಬೇಸಿಗೆ ಆ ಮಾತ್ರೆಯ ಹಾರ್ಮೋನನ್ನು ಹಾಕಿದರು. ಪ್ರಮಾಣ ಲೀಟರಿಗೆ 5-6 ನ್ಯಾನೋಗ್ರಾಂ, ಅಂದರೆ 100 ಕೋಟಿ ಲೀಟರ್ ನೀರಿಗೆ 5-6 ಗ್ರಾಂ. ಫ್ಯಾಟ್‌ಹೆಡ್ ಮಿನ್ನೋ ಅನ್ನುವ ಚಿಕ್ಕ ಮೀನು ಹೆಚ್ಚುಕಮ್ಮಿ ಅಳಿದೇ ಹೋಯಿತು. ಹಾಕುವುದು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಅದೇ ಮೀನು ಮತ್ತೆ ಹೆಚ್ಚಿತು. ಆ ಎರಡನೇ ಮಾತನ್ನು ಜನ ಮರೆತುಬಿಡುತ್ತಾರೆ.

ಹಾರ್ಮೋನು ಬಿಟ್ಟರೂ ಪಟ್ಟಿ ಉದ್ದವಿದೆ. ಶುಗರ್‌ಗೆ ನುಂಗುವ ಮೆಟ್‌ಫಾರ್ಮಿನ್ ಮೈಯಲ್ಲಿ ಕರಗಿ ಬದಲಾಗದೆ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಪ್ರಯೋಗಾಲಯದಲ್ಲಿ ಗಂಡು ಮಿನ್ನೋಗಳ ವೃಷಣದಲ್ಲಿ ಅದು ಮೊಟ್ಟೆ ಮೂಡಿಸಿದೆ. ನೋವಿನ ಡೈಕ್ಲೋಫಿನಾಕ್ ಟ್ರೌಟ್‌ನ ಮೂತ್ರಪಿಂಡ, ಕಿವಿರು ಕೆಡಿಸುತ್ತದೆ. ಇದನ್ನು ಕೊಟ್ಟ ದನದ ಹೆಣ ತಿಂದು ರಣಹದ್ದುಗಳು ಸತ್ತವೆಂದು 2006ರಲ್ಲಿ ಜಾನುವಾರಿಗೆ ನಿಷೇಧವಾದದ್ದು ಇದೇ ಔಷಧಿ. ಮನುಷ್ಯರಿಗೆ ಈಗಲೂ ಸಿಗುತ್ತದೆ.

ನಮ್ಮಲ್ಲಿ ಈ ವಿಷಯ ಎದ್ದದ್ದು 2007ರಲ್ಲಿ. ಹೈದರಾಬಾದ್ ಹತ್ತಿರದ ಪಟಾಂಚೆರುವಿನಲ್ಲಿ ಔಷಧ ಘಟಕಗಳ ಶುದ್ಧ ಮಾಡಿದ ನೀರಲ್ಲೇ ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆ್ಯಂಟಿಬಯಾಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಕ್ಕಿತ್ತು. 2020ರ ಜನವರಿಯಲ್ಲಿ ಕೇಂದ್ರದ ಕರಡು ನಿಯಮ ಔಷಧ ಕಾರ್ಖಾನೆಗಳು ಬಿಡುವ ನೀರಿನ ಆ್ಯಂಟಿಬಯಾಟಿಕ್‌ಗೆ ಮಿತಿ ಹಾಕಿತು. 2021ರ ಅಂತಿಮ ಆದೇಶದಲ್ಲಿ ಆ ಮಿತಿಗಳು ಇರಲಿಲ್ಲ. ಅದೇ ವರ್ಷ ಮದ್ರಾಸ್ ಐಐಟಿಯವರು ಕಾವೇರಿಯಲ್ಲೂ ಔಷಧಿ ಅಂಶ ಇರುವುದನ್ನು ತೋರಿಸಿದರು.

ದಾವಣಗೆರೆ ಔಷಧಿ ತಯಾರಿಸುವ ಊರಲ್ಲ, ನುಂಗುವ ಊರು. ಮೆಡಿಕಲ್ ಕಾಲೇಜುಗಳಿವೆ, ಸುತ್ತಲಿನ ಜಿಲ್ಲೆಗಳ ರೋಗಿಗಳು ಬರುತ್ತಾರೆ. ಹೊಳೆಯ ಮೇಲ್ಭಾಗದಲ್ಲಿ ಶಿವಮೊಗ್ಗ, ಭದ್ರಾವತಿ, ಹೊನ್ನಾಳಿ ಇವೆ. ಊರಿನ ಚರಂಡಿ ನೀರಿನ ಘಟಕಗಳನ್ನು ಕಟ್ಟುವುದು ಕೊಳಕು, ವಾಸನೆ ಕಳೆಯುವುದಕ್ಕೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್‌ನಂಥ ಔಷಧಿ ಅವನ್ನು ದಾಟಿ ಹೆಚ್ಚುಕಮ್ಮಿ ಹಾಗೇ ಹೋಗುತ್ತದೆ. ಸ್ವಿಟ್ಜರ್ಲೆಂಡ್ 2016ರಿಂದ ದೊಡ್ಡ ಘಟಕಗಳಿಗೆ ಓಝೋನ್ ಅಥವಾ ಸಕ್ರಿಯ ಇದ್ದಿಲಿನ ಇನ್ನೊಂದು ಹಂತ ಸೇರಿಸುತ್ತಾ ಬಂದಿದೆ. ನಮಗೆ ಅಷ್ಟು ದುಡ್ಡು ಇವತ್ತೇ ಹೊಂದದಿರಬಹುದು. ಪರೀಕ್ಷೆಗೆ ಅಷ್ಟು ಖರ್ಚಿಲ್ಲ. ನದಿ ನೀರಿನ ಮಾಮೂಲಿ ಪರೀಕ್ಷೆ ನೋಡುವುದು ಆಮ್ಲಜನಕ, ಬಿಒಡಿ (ಕೊಳಕು ಕೊಳೆಯಲು ಎಷ್ಟು ಆಮ್ಲಜನಕ ಬೇಕೆನ್ನುವ ಲೆಕ್ಕ), ಕೋಲಿಫಾರ್ಮ್ (ಮಲದ ಕೊಳಕು ತೋರಿಸುವ ಬ್ಯಾಕ್ಟೀರಿಯಾ). ಅದರ ಜೊತೆ ನಾಲ್ಕೈದು ಔಷಧಿಗಳನ್ನೂ ಸೇರಿಸಬೇಕು. ದಾವಣಗೆರೆಗೆ ಕುಡಿಯುವ ನೀರೆತ್ತುವ ರಾಜನಹಳ್ಳಿಯಲ್ಲೇ ಶುರುವಾಗಲಿ, ಅದೂ ಏಪ್ರಿಲ್-ಮೇನಲ್ಲಿ. ಹೊಳೆ ಸಣ್ಣಗಾಗಿ ಔಷಧಿ ದಟ್ಟವಾಗುವುದು ಆಗಲೇ, ಮುಂಗಾರಿನ ಹೊಸ ನೀರಿಗೆ ಮೊಟ್ಟೆ ಇಡುವ ಮೀನುಗಳ ಮೈ ತಯಾರಾಗುವುದೂ ಆಗಲೇ.