ಮಶೀನು ಒಂದು, ಹೆಸರು ಹತ್ತು: ಹಳೆಯ ಸ್ವಿಸ್ ಕ್ರೋನೋಗ್ರಾಫ್‌ಗಳಲ್ಲಿ ‘ಅಸಲಿ’ ಯಾವುದು?

2021ರ ನವೆಂಬರ್‌ನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ ಮೊದಲ ತಲೆಮಾರಿನ ಒಮೆಗಾ ಸ್ಪೀಡ್‌ಮಾಸ್ಟರ್ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಕೂಡ ಇರುವ ಕೈಗಡಿಯಾರ) ಒಂದು 31,15,500 ಸ್ವಿಸ್ ಫ್ರಾಂಕಿಗೆ ಹೋಯಿತು. ಹರಾಜಿನವರ ಅಂದಾಜು ಇದ್ದದ್ದು 80 ಸಾವಿರದಿಂದ 1.2 ಲಕ್ಷ ಫ್ರಾಂಕ್. ಕಪ್ಪಾಗಿರಬೇಕಿದ್ದ ಡಯಲ್ ಕಾಲಾಂತರದಲ್ಲಿ ಕಂದುಬಣ್ಣಕ್ಕೆ ತಿರುಗಿತ್ತು. ಬೆಲೆ ಏರಿದ್ದಕ್ಕೆ ಅದೇ ದೊಡ್ಡ ಕಾರಣ. ಕೊಂಡದ್ದು ಒಮೆಗಾದ್ದೇ ಮ್ಯೂಸಿಯಂ. 2023ರಲ್ಲಿ ಒಮೆಗಾ ಬಾಯಿಬಿಟ್ಟಿತು: ಅದು ಹಲವು ವಾಚುಗಳ ಭಾಗಗಳನ್ನು ಕೂಡಿಸಿ ಕಟ್ಟಿದ ವಾಚು, ಇದರಲ್ಲಿ ತನ್ನ ಮಾಜಿ ನೌಕರರ ಕೈವಾಡವಿದೆ ಎಂದಿತು. ಸಂಗ್ರಾಹಕರ ಭಾಷೆಯಲ್ಲಿ ಇಂಥವಕ್ಕೆ ‘ಫ್ರಾಂಕನ್‌ವಾಚ್’ ಎಂಬ ಹೆಸರು.

ಇಂಥದ್ದನ್ನು ಕಟ್ಟಲು ಸಾಧ್ಯವಾಗುವುದು ಈ ವಾಚುಗಳು ಹುಟ್ಟಿದ್ದೇ ಹಾಗೆ ಎಂಬ ಕಾರಣಕ್ಕೆ. ಸ್ವಿಟ್ಜರ್ಲೆಂಡಿನ ಜುರಾ ಬೆಟ್ಟಸೀಮೆಯಲ್ಲಿ ಡಯಲ್ ಮೇಲಿನ ಹೆಸರಿಗೂ ಒಳಗಿನ ಮಶೀನಿಗೂ ಸಂಬಂಧ ಇರಲೇಬೇಕೆಂದಿರಲಿಲ್ಲ. ಲಾಂಜೀನ್ಸ್‌ನಂಥ ಕೆಲವರು ತಮ್ಮ ಮಶೀನನ್ನು ತಾವೇ ಮಾಡಿಕೊಂಡರು; 1936ರ 13ಝಡ್‌ಎನ್ ಎಂಬ ಮಶೀನು ಇವತ್ತಿಗೂ ಅದಕ್ಕೆ ಒಳ್ಳೆಯ ಸಾಕ್ಷಿ. ಉಳಿದ ಬಹುಪಾಲು ಮಂದಿ ವಾಲ್ಜೂ, ವೀನಸ್, ಲ್ಯಾಂಡರಾನ್, ಲೆಮಾನಿಯಾ ಕಾರ್ಖಾನೆಗಳಿಂದ ಮಶೀನು ತರಿಸುತ್ತಿದ್ದರು. ಡಯಲ್ ಸಿಂಗರ್‌ನಿಂದ, ಉಕ್ಕಿನ ಪಟ್ಟಿ ಗೇ ಫ್ರೆರ್‌ನಿಂದ, ಕೇಸು ಮತ್ತೊಬ್ಬರಿಂದ. ರೋಲೆಕ್ಸ್ ಡೇಟೋನಾ, ಹೊಯರ್ ಕರೆರಾ, ಇವೆರಡರಷ್ಟು ಹೆಸರಿಲ್ಲದ ವಾಕ್‌ಮನ್ ಕಂಪನಿಯ ವಾಚು — ಮೂರರಲ್ಲೂ ಓಡಿದ್ದು ವಾಲ್ಜೂ 72ರ ವಂಶದ ಮಶೀನೇ. ಸ್ಪೀಡ್‌ಮಾಸ್ಟರ್‌ನ 321 ಎಂಬ ಮಶೀನು ಎಂದರೆ 1942ರಲ್ಲಿ ಸಿದ್ಧವಾದ ಲೆಮಾನಿಯಾ 2310. ಅದೇ ಮೂಲವನ್ನು ತಿದ್ದಿ ತೀಡಿ ಪಾಟೆಕ್ ಫಿಲಿಪ್ ಕೂಡ ಬಳಸಿಕೊಂಡಿತು. ಹೀಗಾಗಿ ಒಂದು ವಾಚಿನ ಭಾಗ ಇನ್ನೊಂದಕ್ಕೆ ಕೂರುವುದು ಆಗ ಮೋಸವಲ್ಲ, ಅನುಕೂಲ.

ಮಶೀನಿನ ಕೆಲಸ ಕೇಳಲು ಸರಳ. ಸದಾ ಓಡುವ ವಾಚಿಗೆ ಬೇಕೆಂದಾಗ ಕೂಡಿಕೊಂಡು ಬೇಡವೆಂದಾಗ ಬಿಟ್ಟುಕೊಳ್ಳುವ ಇನ್ನೊಂದು ಚಕ್ರಮಾಲೆ. ಮೇಲಿನ ಗುಂಡಿ ಒತ್ತಿದರೆ ಕಾಲಂ ವ್ಹೀಲ್ (ಪುಟ್ಟ ಕಂಬಗಳಿರುವ ನಿಯಂತ್ರಣ ಚಕ್ರ) ಒಂದು ಹೆಜ್ಜೆ ತಿರುಗುತ್ತದೆ, ಕ್ಲಚ್ ಬಂದು ನಡುವಿನ ಚಕ್ರಕ್ಕೆ ಹಲ್ಲು ಕೊಡುತ್ತದೆ. ಕೆಳಗಿನ ಗುಂಡಿ ಒತ್ತಿದರೆ ಸುತ್ತಿಗೆಯೊಂದು ಹೃದಯದಾಕಾರದ ಕ್ಯಾಮ್‌ಗೆ (ಮುಳ್ಳಿನೊಂದಿಗೆ ತಿರುಗುವ ತಟ್ಟೆಗೆ) ಬಡಿದು, ಮುಳ್ಳು ಎಲ್ಲೇ ಇರಲಿ ಸೊನ್ನೆಗೆ ತರುತ್ತದೆ. ಆ ಹೃದಯ 1844ರಲ್ಲಿ ಅಡಾಲ್ಫ್ ನಿಕೋಲ್ ಪೇಟೆಂಟ್ ಪಡೆದ ಉಪಾಯ. ಸೊನ್ನೆಗೆ ತರಲು ಪ್ರತ್ಯೇಕ ಗುಂಡಿ ಬಂದದ್ದು 1934ರಲ್ಲಿ, ಬ್ರೈಟ್ಲಿಂಗ್‌ನಿಂದ. ಕಾಲಂ ವ್ಹೀಲ್ ಕೊರೆಯುವುದು ದುಬಾರಿಯಾದ್ದರಿಂದ 1937ರಲ್ಲಿ ಲ್ಯಾಂಡರಾನ್ 48 ಅದರ ಜಾಗಕ್ಕೆ ಅಚ್ಚೊತ್ತಿ ತೆಗೆದ ಕ್ಯಾಮ್ ತಂದಿತು. ಅಂದಹಾಗೆ, ಈ 48ರಲ್ಲಿ ಮೇಲಿನ ಗುಂಡಿ ಶುರುಮಾಡುತ್ತದೆ ಅಷ್ಟೆ. ನಿಲ್ಲಿಸುವುದೂ ಸೊನ್ನೆಗೆ ತರುವುದೂ ಕೆಳಗಿನದ್ದೇ. ಇದು ತಿಳಿಯದೆ ‘ಮೇಲಿನ ಗುಂಡಿ ಕೆಟ್ಟಿದೆ’ ಎಂದು ಮಾರುವವರೂ ಇದ್ದಾರೆ, ಹಾಗೆಂದು ಬಿಟ್ಟುಹೋಗುವವರೂ ಇದ್ದಾರೆ.

ಅಸಲಿತನ ಮೊದಲು ಕೆಟ್ಟದ್ದು ಕಳ್ಳರಿಂದಲ್ಲ, ಒಳ್ಳೆಯ ರಿಪೇರಿಯವರಿಂದ. ವಾಚು ಸರ್ವೀಸಿಗೆ ಹೋದರೆ ಪಾತ್ರೆಗೆ ಕಲಾಯಿ ಹಾಕಿಸಿದಂತೆ ಹೊಳೆದು ಬರಬೇಕು ಎಂಬುದು ಆಗಿನ ನಿರೀಕ್ಷೆ. ಕೇಸನ್ನು ಪಾಲಿಶ್ ಚಕ್ರಕ್ಕೆ ಹಿಡಿದರು, ಮಾಸಿದ ಡಯಲ್‌ಗೆ ಹೊಸ ಬಣ್ಣ ಬಳಿದರು. 1960ರ ದಶಕದಲ್ಲಿ ಕತ್ತಲಲ್ಲಿ ಬೆಳಗುವ ಬಣ್ಣಕ್ಕೆ, ವಿಕಿರಣ ಸೂಸುವ ರೇಡಿಯಂ ಬಿಟ್ಟು ಟ್ರಿಟಿಯಂ ಬಂದಾಗ ಹಳೆಯ ಮುಳ್ಳುಗಳು, ಡಯಲ್‌ಗಳು ಸರ್ವೀಸ್ ಹೊತ್ತಿನಲ್ಲಿ ಸದ್ದಿಲ್ಲದೆ ಬದಲಾದವು. ಗಿರಾಕಿ ಸಂತೋಷಪಟ್ಟ, ದುಡ್ಡೂ ಕೊಟ್ಟ.

ಆಮೇಲೆ ಭಾಗಗಳೇ ಸಿಗದಂತಾಯಿತು. 1966ರಲ್ಲಿ ವೀನಸ್ ವಾಲ್ಜೂ ಪಾಲಾಯಿತು. ಅದರ 188 ಎಂಬ ಮಶೀನೇ ವಾಲ್ಜೂ 7730 ಎಂಬ ಹೊಸ ಹೆಸರಲ್ಲಿ ಮುಂದುವರಿಯಿತು. 1969ರ ಆರಂಭದಲ್ಲಿ ಝೆನಿತ್‌ನ ಎಲ್ ಪ್ರಿಮೆರೋ ಮತ್ತು ಹೊಯರ್–ಬ್ರೈಟ್ಲಿಂಗ್ ಗುಂಪಿನ ಕ್ರೋನೋಮ್ಯಾಟಿಕ್, ತಾನಾಗಿಯೇ ಕೀಲಿ ಏರುವ ಕ್ರೋನೋಗ್ರಾಫ್‌ಗಳು, ಒಂದರ ಹಿಂದೊಂದು ಪ್ರಕಟವಾದವು. ಅದೇ ವರ್ಷದ ಕ್ರಿಸ್‌ಮಸ್‌ಗೆ ಜಪಾನಿನ ಸೈಕೋ, ಬ್ಯಾಟರಿಯಿಂದ ಓಡುವ ಕ್ವಾರ್ಟ್ಸ್ ವಾಚು ಮಾರಾಟಕ್ಕಿಟ್ಟಿತು. 1974ರಲ್ಲಿ ವಾಲ್ಜೂ 72 ನಿಂತುಹೋಯಿತು. ಕಾರ್ಖಾನೆಗಳು ಅಚ್ಚು, ಹತಾರಗಳನ್ನು ಗುಜರಿಗೆ ಹಾಕಿದವು. ಝೆನಿತ್‌ನ ಶಾರ್ಲ್ ವೆರ್ಮೋ ಎಂಬ ಕೆಲಸಗಾರ ಎಲ್ ಪ್ರಿಮೆರೋದ ಹತಾರಗಳನ್ನು ಅಟ್ಟದ ಮೇಲೆ ಬಚ್ಚಿಟ್ಟದ್ದರಿಂದಲೇ ಆ ಮಶೀನು 1980ರ ದಶಕದಲ್ಲಿ ಮತ್ತೆ ಓಡಿತು. ಉಳಿದವಕ್ಕೆ ಅಂಥ ಅಟ್ಟ ಸಿಗಲಿಲ್ಲ. ಮೂರು ಸತ್ತ ವಾಚುಗಳಿಂದ ಒಂದು ಜೀವಂತ ವಾಚು ಮಾಡುವುದು ರೂಢಿಯಾಯಿತು.

ಇದಾದ ಮೇಲೆ ಬೆಲೆ ಬಂತು, ಅದೂ ಡಯಲ್‌ಗೆ ಬಂತು. ಡೇಟೋನಾದ, ಮಾಮೂಲಿಗಿಂತ ಬೇರೆ ವಿನ್ಯಾಸದ ‘ಎಕ್ಸಾಟಿಕ್’ ಡಯಲ್‌ಗಳು 1960ರ ದಶಕದ ಅಂಗಡಿಗಳಲ್ಲಿ ಬೇಗ ಖರ್ಚಾಗದ ಸರಕು. ಅಂಥದ್ದೊಂದನ್ನು ನಟ ಪಾಲ್ ನ್ಯೂಮನ್‌ಗೆ ಹೆಂಡತಿ ಕೊಡಿಸಿದ್ದರು. ‘ಹುಷಾರಾಗಿ ಗಾಡಿ ಓಡಿಸು’ ಎಂಬರ್ಥದ ಮಾತನ್ನು ಹಿಂಬದಿಯಲ್ಲಿ ಕೆತ್ತಿಸಿದ್ದರು. 2017ರ ಅಕ್ಟೋಬರ್‌ನಲ್ಲಿ ಅದು ನ್ಯೂಯಾರ್ಕಿನಲ್ಲಿ 1.77 ಕೋಟಿ ಡಾಲರ್‌ಗೆ ಮಾರಾಟವಾಯಿತು. ನಟನ ಕೈಯಲ್ಲಿದ್ದದ್ದೆಂಬ ಮಾತು ಬದಿಗಿಡಿ; ಅವರು ಮುಟ್ಟಿಯೇ ಇರದ ಡೇಟೋನಾಗಳಲ್ಲೂ, ಅದೇ ಕೇಸು ಅದೇ ಮಶೀನು ಇದ್ದರೂ, ಎಕ್ಸಾಟಿಕ್ ಡಯಲ್ ಇದ್ದರೆ ಸಾಮಾನ್ಯ ಡಯಲ್‌ನದಕ್ಕಿಂತ ಬೆಲೆ ಹಲವು ಪಟ್ಟು. ಒಂದು ತೆಳು ತಗಡಿಗೆ ಇಷ್ಟು ದುಡ್ಡು ಸಿಗುವಾಗ ಆ ತಗಡನ್ನು ಕದಲಿಸುವ, ಹೊಸದಾಗಿ ಅಚ್ಚು ಹಾಕುವ ಕೈಗಳು ಸುಮ್ಮನಿರುವುದಿಲ್ಲ.

ಹಾಗಾಗಿ ಕೊಳ್ಳುವಾಗ ಮೊದಲು ನೋಡಬೇಕಾದ್ದು ಡಯಲ್. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಸಾಕು. ಮೂಲ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಶಾಯಿ ಸ್ವಲ್ಪ ಉಬ್ಬಿರುತ್ತದೆ. ಮರುಬಣ್ಣದಲ್ಲಿ ಅಕ್ಷರ ದಪ್ಪ, ಗೆರೆ ಅಲುಗಾಡಿದಂತೆ. ಚಿಕ್ಕ ಡಯಲ್‌ಗಳೊಳಗಿನ ನವಿರಾದ ವೃತ್ತಗೆರೆಗಳು ಬಣ್ಣದಡಿ ಮುಚ್ಚಿಹೋಗಿರುತ್ತವೆ. ಆರರ ಕೆಳಗಿನ ‘ಸ್ವಿಸ್’ ಇರುವುದಿಲ್ಲ ಅಥವಾ ಜಾಗ ತಪ್ಪಿರುತ್ತದೆ. ಟ್ಯಾಕಿಮೀಟರ್ (ವೇಗ ಅಳೆಯುವ ಅಂಕಿಸಾಲು) ಇದ್ದರೆ ಲೆಕ್ಕ ಹಾಕಿ ನೋಡಿ: 3600ನ್ನು ಸೆಕೆಂಡಿನಿಂದ ಭಾಗಿಸಿದ ಸಂಖ್ಯೆ ಅಲ್ಲಿರಬೇಕು. 20 ಸೆಕೆಂಡಿಗೆ 180, 30ಕ್ಕೆ 120, 45ಕ್ಕೆ 80. ಬಣ್ಣ ಬಳಿದವನು ಎಡವುವುದು ಬಹಳ ಸಲ ಇಲ್ಲೇ. ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದು ಕರೆಯುವ, ಗಾಢ ಬಣ್ಣ ಬಳಿದು ಮಾರುವ ವಾಚುಗಳನ್ನು ಗುರುತಿಸಲು ಇಷ್ಟೂ ಬೇಕಾಗುವುದಿಲ್ಲ.

ಡಯಲ್ ಕಾಲುಗಳನ್ನೂ, ಎಂದರೆ ಅದರ ಬೆನ್ನಲ್ಲಿದ್ದು ಮಶೀನಿಗೆ ಸಿಕ್ಕಿಸುವ ಕಡ್ಡಿಗಳನ್ನೂ, ಮರೆಯಬಾರದು. ವಾಲ್ಜೂ 72 ಹದಿಮೂರು ಲೀನ್ ಅಳತೆಯದು, ವೀನಸ್ 178 ಹದಿನಾಲ್ಕರದು. ಒಂದು ಲೀನ್ ಎಂದರೆ ಸುಮಾರು 2.26 ಮಿ.ಮೀ. ಕಾಲು ಕೂರುವ ತೂತುಗಳ ಜಾಗವೂ ಬೇರೆ. ಒಂದರ ಡಯಲ್ ಇನ್ನೊಂದಕ್ಕೆ ಹಾಕಬೇಕೆಂದರೆ ಕಾಲು ಕತ್ತರಿಸಿ ಅಂಟಿಸಲೇಬೇಕು. ಮಾರುವವರನ್ನು ಡಯಲ್‌ನ ಬೆನ್ನಿನ ಫೋಟೊ ಕೇಳಿ. ಕೊಡಲು ಹಿಂಜರಿದರೆ ಅದೂ ಒಂದು ಉತ್ತರ.

ನಂತರ ಗುಂಡಿಗಳು. ಸೊನ್ನೆಗೆ ತಂದಾಗ ಮುಳ್ಳು ನೆಟ್ಟಗೆ 12ಕ್ಕೆ ನಿಲ್ಲಬೇಕು. ಸೆಕೆಂಡಿನ ಮುಳ್ಳು ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ಅದು ಕೊಳವೆಯ ಮೇಲೆ ಸಡಿಲವಾಗಿರಬಹುದು, ಸುಲಭದ ಕೆಲಸ. ಪ್ರತಿ ಸಲ ಒಂದೇ ಕಡೆ ತಪ್ಪಿ ನಿಂತರೆ ಮುಳ್ಳು ಕೂರಿಸಿದ್ದೇ ಓರೆ ಇರಬಹುದು. ಆದರೆ ಸೆಕೆಂಡು ಸರಿಯಿದ್ದು ನಿಮಿಷದ ಮುಳ್ಳು ಅಲ್ಲಾಡುತ್ತಿದ್ದರೆ ಸುತ್ತಿಗೆಯ ಎರಡು ಮುಖಗಳು ಎರಡು ಹೃದಯಗಳಿಗೆ ಒಟ್ಟಿಗೆ ತಾಗದಿರಬಹುದು. ಯಾರೋ ಅರ ಆಡಿಸಿರಬಹುದು, ಬದಲಿ ಸುತ್ತಿಗೆ ಹುಡುಕುವುದು ಕಷ್ಟ. ಸೆಕೆಂಡಿನ ಮುಳ್ಳು ಒಂದು ಸುತ್ತು ಮುಗಿಸುವಾಗ ನಿಮಿಷದ ಮುಳ್ಳು ಎರಡು ಮನೆ ಹಾರಿದರೆ ಹೊಂದಿಸುವ ಸ್ಕ್ರೂ ತಪ್ಪಿದೆ. ಸ್ಟಾಪ್‌ವಾಚ್ ಶುರುವಾದೊಡನೆ ವಾಚೇ ನಿಂತರೆ ಒಣಗಿದ ಎಣ್ಣೆ, ಇಲ್ಲವೇ ಕ್ಲಚ್ಚಿನ ಹಲ್ಲು ತೀರ ಆಳಕ್ಕೆ ಕೂತಿದೆ. ಕ್ರೋನೋಗ್ರಾಫ್ ಓಡುವಾಗ ಬ್ಯಾಲೆನ್ಸಿನ (ವಾಚಿಗೆ ಲಯ ಕೊಡುವ ಚಕ್ರದ) ತೂಗಾಟ 20ರಿಂದ 40 ಡಿಗ್ರಿ ತಗ್ಗುವುದು ಸಹಜ. ಹೊಸದಾಗಿ ಕೀಲಿ ಕೊಟ್ಟು, ಡಯಲ್ ಮೇಲ್ಮುಖವಾಗಿಟ್ಟಾಗಲೂ 200 ದಾಟದಿದ್ದರೆ ಪೂರ್ತಿ ಬಿಚ್ಚಿ ತೊಳೆಯಬೇಕು. ಆ ನವಿರು ಹಲ್ಲುಗಳಿಗೆ ಮಾತ್ರ ಎಣ್ಣೆ ಹಚ್ಚಬಾರದು. ಧೂಳು ಹಿಡಿದು ಕ್ಲಚ್ಚೇ ಕೆಡುತ್ತದೆ.

ಟಿಕ್ ಎಣಿಸುವುದೂ ಒಂದು ಪರೀಕ್ಷೆ. ವೀನಸ್ 175ರ ಹತಾರಗಳನ್ನು 1960ರ ದಶಕದ ಆರಂಭದಲ್ಲಿ ಚೀನಾ ಕೊಂಡಿತು. ಅದರ ಸಂತತಿ ಇಂದಿನ ಸೀಗಲ್ ಎಸ್‌ಟಿ19. ಹಳೆಯ ಕೇಸಿನಲ್ಲಿ ಈ ಹೊಸ ಮಶೀನು ಕೂರಿಸಿ ‘1940ರದು’ ಎಂದು ಮಾರುವವರಿದ್ದಾರೆ. 175 ಗಂಟೆಗೆ 18,000 ಸಲ ಮಿಡಿಯುತ್ತದೆ, ಎಂದರೆ ಸೆಕೆಂಡಿಗೆ ಐದು. ಎಸ್‌ಟಿ19 ಆರು ಸಲ. ಫೋನಿನಲ್ಲಿ ಶಬ್ದ ರೆಕಾರ್ಡ್ ಮಾಡಿ ನಿಧಾನಕ್ಕೆ ಕೇಳಿಸಿಕೊಂಡರೆ ತಿಳಿಯುತ್ತದೆ.

ಹೊಳಪಿನ ಬಣ್ಣಕ್ಕೆ ಅತಿನೇರಳೆ ಟಾರ್ಚ್ ಹಿಡಿಯಿರಿ. ಮುಳ್ಳೂ ಡಯಲೂ ಒಂದೇ ರೀತಿ ಪ್ರತಿಕ್ರಿಯಿಸಬೇಕು. ಟ್ರಿಟಿಯಂನ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯುವ ಅವಧಿ) 12.3 ವರ್ಷವಾದ್ದರಿಂದ 1960ರ ದಶಕದ ವಾಚು ದೀಪ ಆರಿಸಿದ ಕೂಡಲೇ ಕಪ್ಪಾಗುತ್ತದೆ. ನಿಮಿಷಗಟ್ಟಲೆ ಹಸಿರಾಗಿ ಬೆಳಗುತ್ತಿದ್ದರೆ ಬಣ್ಣ ಇತ್ತೀಚಿನದು. ರೇಡಿಯಂ ಬೇರೆ ಜಾತಿ. ಬೆಳಕು ಕೊಡುವ ಸತುವಿನ ಸಲ್ಫೈಡ್ ಪುಡಿ ಸುಟ್ಟುಹೋಗಿ ಕತ್ತಲಲ್ಲಿ ಏನೂ ಕಾಣದು, ಆದರೆ 1600 ವರ್ಷ ಅರ್ಧಾಯುಷ್ಯದ ರೇಡಿಯಂ ಅಲ್ಲೇ ಕೂತಿರುತ್ತದೆ. 1940–50ರ ದಶಕದ ಹೊಳಪು ಡಯಲ್‌ನ ವಾಚನ್ನು ಮನೆಯಲ್ಲಿ ಬಿಚ್ಚಬೇಡಿ, ಉದುರುವ ಪುಡಿಯನ್ನು ಬಾಯಿಂದ ಊದಬೇಡಿ. ಗೈಗರ್ ಮೀಟರ್ ಇರುವ ರಿಪೇರಿಯವರಿಗೇ ಕೊಡಿ. ಗಾಜು ಮುಚ್ಚಿದ ಹಾಗೆಯೇ, ಗಾಳಿಯಾಡುವ ಕೋಣೆಯಲ್ಲಿ, ಮಲಗುವ ಮಂಚದಿಂದ ದೂರ ಇಡಿ.