ಪಲ್ಟಿ ಮರೆತ ಮೈ, ದೃಷ್ಟಿಗೆ ಸುಟ್ಟ ಮೆಣಸಿನಕಾಯಿ

ಜಯನಗರದ ನಮ್ಮ ಬೀದಿಯಲ್ಲಿ ಜಿಮ್ನಾಸ್ಟಿಕ್ಸ್ ಕಲಿಯುವ ಹುಡುಗಿಯೊಬ್ಬಳಿದ್ದಾಳೆ. ಎರಡು ವರ್ಷದಿಂದ ಸಲೀಸಾಗಿ ಹೊಡೆಯುತ್ತಿದ್ದ ಹಿಂಪಲ್ಟಿ ಹೋದ ತಿಂಗಳು ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಬೀಮ್ ಎಂಬ ಕಿರಿದಾದ ಎತ್ತರದ ತೊಲೆಯ ಮೇಲೆ ಕೈ ಎತ್ತಿ ನಿಲ್ಲುತ್ತಾಳೆ, ಅಷ್ಟೇ. ಅಜ್ಜಿ ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದರು. ಘಾಟು ಬರಲಿಲ್ಲ, ಹಾಗಾಗಿ ಕೆಟ್ಟ ಕಣ್ಣೇ ಅಂತೆ! ಅಪ್ಪ 'ಧೈರ್ಯ ಸಾಲದು' ಎಂದರು. ನನಗೆ ಮೆಣಸಿನಕಾಯಿಗಿಂತ ಅಪ್ಪನ ಮಾತೇ ಜಾಸ್ತಿ ಅಪಾಯ ಅನ್ನಿಸಿತು.

2021ರ ಟೋಕಿಯೊ ಒಲಿಂಪಿಕ್ಸ್ ನೆನಪಿದೆಯಲ್ವಾ? ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ವಾಲ್ಟ್‌ನಲ್ಲಿ, ಅಂದರೆ ಓಡಿಬಂದು ಮೇಜಿನ ಮೇಲೆ ಕೈಯೂರಿ ಹಾರುವ ಸ್ಪರ್ಧೆಯಲ್ಲಿ, ಎರಡೂವರೆ ಸುತ್ತು ತಿರುಗಬೇಕಿತ್ತು, ಒಂದೂವರೆಗೇ ನಿಂತರು. ಗಾಳಿಯಲ್ಲಿ ತಾನೆಲ್ಲಿದ್ದೇನೆ ಎಂಬುದೇ ತಪ್ಪಿಹೋಗಿತ್ತು. ಆಟಗಾರರು ಇದನ್ನು 'ಟ್ವಿಸ್ಟೀಸ್' ಅನ್ನುತ್ತಾರೆ. 2016ರಲ್ಲಿ ರಿಯೊದಿಂದ ನಾಲ್ಕು ಚಿನ್ನ ತಂದವರಿಗೆ ಧೈರ್ಯ ಸಾಲದೆ?

ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಬಾಗಿದ ಕೊಳವೆಗಳಿವೆ. ನೀರಿರುವ ಚೊಂಬನ್ನು ಗಕ್ಕನೆ ತಿರುಗಿಸಿ. ಚೊಂಬು ತಿರುಗುತ್ತದೆ, ನೀರು ಹಿಂದೆ ಬೀಳುತ್ತದೆ. ತಲೆ ತಿರುಗಿದಾಗ ಹೀಗೇ ಹಿಂದೆ ಬಿದ್ದ ದ್ರವ ಕೂದಲಿನಂಥ ಕೋಶಗಳನ್ನು ಬಾಗಿಸುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಆದರೆ ಪಲ್ಟಿಯಲ್ಲಿ ಸುದ್ದಿ ಓದಿ ಯೋಚಿಸಲು ಪುರುಸೊತ್ತೆಲ್ಲಿ? ಅದಕ್ಕೇ ಕಿರುಮಿದುಳು ಮುಂದಿನ ಕ್ಷಣವನ್ನು ಮೊದಲೇ ಅಂದಾಜು ಮಾಡಿಟ್ಟಿರುತ್ತದೆ. ಬಿಎಂಟಿಸಿ ಕಂಡಕ್ಟರ್ ಕಂಬ ಹಿಡಿಯದೆ ಟಿಕೆಟ್ ಹರಿಯುತ್ತಾರಲ್ಲ, ಹಾಗೆ. ಬಸ್ ವಾಲುವ ಮೊದಲೇ ಅವರ ಕಾಲಿಗೆ ಗೊತ್ತು. ಅಜ್ಜಿಯ ರಂಗೋಲಿಯೂ ಅಷ್ಟೇ. 'ಈ ಗೆರೆ ಯಾವ ಚುಕ್ಕಿಗೆ ಹೋಗುತ್ತೆ?' ಅಂತ ನಡುವೆ ಸುಮ್ನೆ ಕೇಳಿ ನೋಡಿ, ಕೈ ತಡವರಿಸುತ್ತದೆ. ಭಯವೂ ಇದೇ ಪ್ರಶ್ನೆ ಕೇಳುತ್ತದೆ: ಈಗ ಕೈ ಎಲ್ಲಿ, ತಲೆ ಎಲ್ಲಿ? ತಾನಾಗಿ ಆಗುತ್ತಿದ್ದ ಕೆಲಸದಲ್ಲಿ ಮನಸ್ಸು ಮೂಗು ತೂರಿಸುತ್ತದೆ. ಸಾಲದ್ದಕ್ಕೆ ಈ ಹುಡುಗಿ ಈ ವರ್ಷ ಗೇಣುದ್ದ ಬೆಳೆದಿದ್ದಾಳೆ. ಹಳೆಯ ಅಂದಾಜು ಹೊಸ ಕಾಲುಗಳಿಗೆ ಹೊಂದದೆಯೂ ಇರಬಹುದು.

ಗದರಿದರೆ ಭಯದ ದನಿ ಇನ್ನೂ ಜೋರಾಗುತ್ತದೆ. ಅವಳ ಕೋಚ್ ಗದರಲಿಲ್ಲ, ಬೀಮ್‌ನಿಂದ ಇಳಿಸಿದರು. ಬೀಮ್ ಅಗಲ 10 ಸೆಂಟಿಮೀಟರ್, ಎತ್ತರ 125. ಅಗಲ ಅಷ್ಟೇ ಇರಲಿ, ಎತ್ತರ ಸೊನ್ನೆಯಾಗಲಿ ಅಂತ ನೆಲದ ಮೇಲೆ ಸೀಮೆಸುಣ್ಣದ ಪಟ್ಟಿ ಎಳೆದರು. ಮುಂದಿನ ಹಂತ ಮ್ಯಾಟ್ ಮೇಲಿನ ತಗ್ಗು ಬೀಮ್, ಬೆನ್ನ ಹಿಂದೆ ಕೋಚ್ ಕೈ. 'ಹೆದರಬೇಡ' ಅಂತ ಯಾರೂ ಹೇಳುವಂತಿಲ್ಲ. ಹಾರುವ ಮುಂಚೆ ನಿಧಾನಕ್ಕೆ ಒಂದು ಉಸಿರು, 'ನೋಡು, ತಳ್ಳು' ಅನ್ನೋ ಎರಡೇ ಮಾತು.

ಟೋಕಿಯೊದಲ್ಲಿ ಬೈಲ್ಸ್ ಮಾಡಿದ್ದೂ ಇದೇ ಬಗೆಯ ಕೆಲಸ. ವಾರದ ನಂತರ ಬೀಮ್‌ಗೆ ಮರಳಿದಾಗ, ಇಳಿಯುವ ಹಾರಿಕೆಯಿಂದ ತಿರುಚುವಿಕೆಯನ್ನೇ ಕಿತ್ತುಹಾಕಿದ್ದರು. ಕಂಚು ಬಂತು.

ನಮ್ಮ ಹುಡುಗಿ ಇನ್ನೂ ಪಟ್ಟಿಯ ಮೇಲೇ ಇದ್ದಾಳೆ. ನಿನ್ನೆ ಅದರ ಮೇಲೆ ಮೂರು ಪಲ್ಟಿ ಹೊಡೆದಳಂತೆ.