ಪಾದ್ರಿ ಕೊಲೆ ಮಾಡಿದರೆ ವಿಚಾರಣೆ ಯಾರದು? ಬೆಕೆಟ್ ಜಗಳದ ಹಿನ್ನೆಲೆ

ಇಂಗ್ಲೆಂಡಿನ ಚರ್ಚಿನ ಹಿರಿಯ ಧರ್ಮಗುರು, ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು 1170ರ ಡಿಸೆಂಬರ್ 29ರಂದು ಕ್ಯಾಂಟರ್‌ಬರಿ ಚರ್ಚಿನೊಳಗೇ ರಾಜನ ಕಡೆಯ ನಾಲ್ವರು ನೈಟ್‌ಗಳು (ಕುದುರೆ ಸವಾರ ಯೋಧರು) ಕಡಿದು ಕೊಂದರು. ಈ ಕೊಲೆಯ ಬಗ್ಗೆ ಬರೆದವರು ಜಾಸ್ತಿ. ರಾಜನ ಜೊತೆ ಅವನ ಜಗಳ ಹುಟ್ಟಿದ್ದು ಯಾಕೆ ಅನ್ನುವುದು ಮಾತ್ರ ಹಿಂದೆ ಸರಿದಿದೆ.

ಬೆಕೆಟ್ ಲಂಡನ್ನಿನ ವ್ಯಾಪಾರಿಯ ಮಗ. ರಾಜ ಎರಡನೇ ಹೆನ್ರಿಯ ಚಾನ್ಸಲರ್ (ಆಡಳಿತ ನೋಡುವ ಹಿರಿಯ ಅಧಿಕಾರಿ), ಆಪ್ತ ಗೆಳೆಯ. 1162ರಲ್ಲಿ ಹೆನ್ರಿ ಅವನನ್ನೇ ಆರ್ಚ್‌ಬಿಷಪ್ ಮಾಡಿಸಿದ. ಅಲ್ಲಿಯವರೆಗೆ ಬೆಕೆಟ್ ಪಾದ್ರಿಯೂ ಆಗಿರಲಿಲ್ಲ. ಜೂನ್ 2ಕ್ಕೆ ದೀಕ್ಷೆ, ಮರುದಿನವೇ ಪಟ್ಟ! ಆದರೆ ಪಟ್ಟ ಸಿಕ್ಕಿದ ಮೇಲೆ ಅವನು ಚಾನ್ಸಲರ್ ಹುದ್ದೆ ಬಿಟ್ಟು ಚರ್ಚಿನ ಪರ ನಿಂತ.

ಆಗ ಚರ್ಚಿನವರು ತಪ್ಪು ಮಾಡಿದರೆ ವಿಚಾರಣೆ ಚರ್ಚಿನ ಕೋರ್ಟಿನಲ್ಲೇ. ಅಲ್ಲಿ ಗಲ್ಲು ಇಲ್ಲ, ಕೈಕಾಲು ಕಡಿಯುವುದೂ ಇಲ್ಲ. ಪೂಜೆ ಮಾಡುವ ಪಾದ್ರಿಗಳಿಗಷ್ಟೇ ಅಲ್ಲ, ಕೆಳಹಂತದ ದೀಕ್ಷೆ ಪಡೆದ ಗುಮಾಸ್ತರಿಗೂ ಈ ರಕ್ಷಣೆ ಇತ್ತು.

ಬೆಡ್‌ಫರ್ಡಿನ ಚರ್ಚಿನವನಾದ ಫಿಲಿಪ್ ಡಿ ಬ್ರೋಯಿ ಪ್ರಕರಣವನ್ನೇ ನೋಡಿ. ಒಬ್ಬ ನೈಟ್‌ನನ್ನು ಕೊಂದ ಆರೋಪ ಅವನ ಮೇಲಿತ್ತು. ಬಿಷಪ್ಪರ ಕೋರ್ಟಿನಲ್ಲಿ ಆಣೆ ಮಾಡಿ ಪಾರಾದ. ರಾಜನ ನ್ಯಾಯಾಧೀಶ ಆ ವಿಷಯ ಮತ್ತೆ ಕೆದಕಿದಾಗ ಫಿಲಿಪ್ ಅವನಿಗೇ ಬೈದ. ಹೆನ್ರಿ ಕೆರಳಿದ. ಕೊನೆಗೆ ಬೈದದ್ದಕ್ಕೆ ಶಿಕ್ಷೆಯಾಯಿತು. ಕೊಲೆ ಆರೋಪ ಅಲ್ಲಿಗೇ ಮುಗಿದಿತ್ತು. ಸತ್ತವನ ಮನೆಯವರಿಗೆ ಹೇಗನಿಸಿರಬೇಡ?

1164ರ ಜನವರಿಯಲ್ಲಿ ಕ್ಲಾರೆಂಡನ್ ಸಭೆಯಲ್ಲಿ ಹೆನ್ರಿ 16 ವಿಧಿಗಳನ್ನು ಮುಂದಿಟ್ಟ. ಮೂರನೆಯದೇ ಕಗ್ಗಂಟು: ಚರ್ಚಿನ ಕೋರ್ಟಿನಲ್ಲಿ ತಪ್ಪು ಸಾಬೀತಾದವನಿಗೆ ಚರ್ಚು ಮುಂದೆ ರಕ್ಷಣೆ ಕೊಡಬಾರದು. ಅಂದರೆ ಪದವಿ ಕಿತ್ತುಕೊಂಡ ಮೇಲೆ ರಾಜನ ಶಿಕ್ಷೆಯೂ ಬೀಳುತ್ತದೆ. ಒಂದೇ ತಪ್ಪಿಗೆ ಎರಡು ಶಿಕ್ಷೆ ಸಲ್ಲದು ಎಂದ ಬೆಕೆಟ್. ಆ ಮಾತಿನಲ್ಲೂ ನ್ಯಾಯವಿದೆ, ಅಲ್ವಾ? ಬಾಯಿಮಾತಿನಲ್ಲಿ ಒಪ್ಪಿದವನು ಮುದ್ರೆ ಒತ್ತಲು ನಿರಾಕರಿಸಿದ. ರಾಜಿಗೆ ದಾರಿ ಇದ್ದದ್ದು ಆಗಲೇ. ಕೊಲೆಗಾರನಿಗೆ ಶಿಕ್ಷೆ ಆಗಲೇಬೇಕು ಎಂಬಲ್ಲಿಂದ ಮಾತು ಶುರುವಾಗಿದ್ದರೆ ಚೆನ್ನಾಗಿತ್ತು. ಅದು ಯಾರ ಅಧಿಕಾರ ದೊಡ್ಡದು ಎಂಬಲ್ಲಿಗೆ ಜಾರಿತು.

ಆಮೇಲೆ ಬೆಕೆಟ್ ಫ್ರಾನ್ಸಿಗೆ ಓಡಿಹೋಗಿ ಅಲ್ಲಿ ಆರು ವರ್ಷ ಆಶ್ರಯ, 1170ರ ಡಿಸೆಂಬರಿನಲ್ಲಿ ವಾಪಸು, ಅದೇ ತಿಂಗಳು ಕೊಲೆ, 1173ರಲ್ಲಿ ಸಂತ ಪದವಿ. ಬೆಕೆಟ್ ಸತ್ತು ಗೆದ್ದ. 1176ರಲ್ಲಿ ಹೆನ್ರಿ, ಅರಣ್ಯ ಕಾಯ್ದೆ ಮುರಿದಂಥ ಕೆಲವು ತಪ್ಪುಗಳನ್ನು ಬಿಟ್ಟು, ಪಾದ್ರಿಗಳ ವಿಚಾರಣೆಯನ್ನು ಚರ್ಚಿಗೇ ಒಪ್ಪಿಸಿದ.

ಈ ರಿಯಾಯಿತಿ ಕ್ರಮೇಣ ಓದು ಬಂದವರಿಗೆಲ್ಲ ಸಿಗತೊಡಗಿತು. ಬೈಬಲ್ಲಿನ 51ನೇ ಕೀರ್ತನೆಯ ಒಂದು ವಚನ ಓದಿದರೆ ಗಲ್ಲು ತಪ್ಪುತ್ತಿತ್ತು. ಓದು ಬಾರದವರೂ ಅದನ್ನು ಬಾಯಿಪಾಠ ಮಾಡಿಕೊಂಡರು. 1489ರಿಂದ ಪಾದ್ರಿಯಲ್ಲದವನಿಗೆ ಇದು ಒಂದೇ ಸಲ. ಗುರುತಿಗೆ ಹೆಬ್ಬೆರಳಿಗೆ ಬರೆ. ಇಂಗ್ಲೆಂಡ್ ಇದನ್ನು ಪೂರ್ತಿ ಕೈಬಿಟ್ಟದ್ದು 1827ರಲ್ಲಿ.